ಬಿರಡೆಗೆ ಎರಡೇ ಮನೆ

ಮಳೆ ನಿಂತು ಇನ್ನೂ ಅರ್ಧ ತಾಸಾಗಿಲ್ಲ. ಪೈನ್ ಮರಗಳಿಂದ ಹನಿ ತೊಟ್ಟಿಕ್ಕುತ್ತಲೇ ಇದೆ. ದಡದ ಮೇಲೆ ಎಳೆದಿಟ್ಟ ಅಲ್ಯೂಮಿನಿಯಂ ದೋಣಿಗಳಲ್ಲಿ ಒಂದೊಂದರೊಳಗೂ ಒಂದೊಂದು ಪುಟ್ಟ ಕೊಳ. ಕೊಳದಲ್ಲಿ ಪೈನ್ ಸೂಜಿ, ಬಿಯರ್ ಮುಚ್ಚಳ, ಯಾವುದೋ ಮಗುವಿನ ಒಂಟಿ ಚಪ್ಪಲಿ. ಸಾಲಿನ ಮೊದಲನೆಯ ದೋಣಿಯ ಹಿಂದೆ ಎಪ್ಪತ್ತೊಂದು ವರ್ಷದ ಹೆಂಗಸೊಬ್ಬರು ಒದ್ದೆ ಮರಳಿನಲ್ಲಿ ಮೊಣಕಾಲೂರಿ ಕೂತಿದ್ದಾರೆ. ತೂಬಿಗೆ ಕೈಹಾಕಿ, ಹೆಬ್ಬೆರಳ ಗಾತ್ರದ ಹಿತ್ತಾಳೆಯ ಬಿರಡೆಯನ್ನು ತಿರುಗಿಸಿ ತಿರುಗಿಸಿ ಕೀಳುತ್ತಾರೆ. ನೀರು ಮೊದಲು ಗೊರಗೊರ ಎನ್ನುತ್ತದೆ, ಆಮೇಲೆ ಒಂದೇ ಧಾರೆಯಾಗಿ ಮರಳಿಗೆ ಬೀಳತೊಡಗುತ್ತದೆ. ಕಿತ್ತ ಬಿರಡೆಯನ್ನು ಅವರು ದೋಣಿಯ ಅಂಚಿನ ಮೇಲೆ ಇಡುವುದಿಲ್ಲ, ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ನೇರ ಬಾಯಿಗೆ ಒಯ್ದು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಾರೆ.

ಹಾಗಾಗಿ ಪತ್ರಿಕೆಯಿಂದ ಬಂದವರ ಬೆಳಗಿನ ನಮಸ್ಕಾರಕ್ಕೆ ಅವರಿಂದ ಉತ್ತರ ಬರುವುದು ಹತ್ತು ನಿಮಿಷದ ಮೇಲೆ. ದೋಣಿ ಬರಿದಾಗಬೇಕು, ತಳದಲ್ಲಿ ಉಳಿದ ಕೆಸರನ್ನು ಸ್ಪಂಜು ಹೀರಬೇಕು, ಬಿರಡೆ ತೂಬಿಗೆ ಮರಳಿ ಬಿಗಿಯಾಗಬೇಕು. ಬಿಗಿಯಾದ ಮೇಲೂ ಬೆರಳಿನಿಂದ ಮೂರು ಸಲ ತಟ್ಟಿ ನೋಡಬೇಕು.

"ಹ್ಞಾ, ನಮಸ್ಕಾರ. ಆಗ್ಲೇ ಕೇಳಿಸ್ತು. ಬಾಯಿ ಖಾಲಿ ಇರ್ಲಿಲ್ಲ, ಅಷ್ಟೇ" ಎನ್ನುತ್ತಾ ಅವರು ತೋಳಿನ ಮಡಿಕೆಯಿಂದ ಕರವಸ್ತ್ರ ಎಳೆದು ತುಟಿ ಒರೆಸಿಕೊಳ್ಳುತ್ತಾರೆ. ತುಟಿಯ ಅಂಚಿನಲ್ಲಿ ಹಿತ್ತಾಳೆಯ ಹಸಿರು ಕಲೆ.

ಇವರು ತೈಮಿ ಕಂಗಾಸ್. ಮಿನ್ನೆಸೋಟದ ಉತ್ತರದಲ್ಲಿ, ಫಿನ್ಲೆಂಡಿನಿಂದ ಹಿಂದೆಂದೋ ಬಂದವರ ಮೊಮ್ಮಕ್ಕಳು ಮರಿಮಕ್ಕಳು ಮನೆ ಮಾಡಿಕೊಂಡಿರುವ ಪಿಲ್ವಿ ಸರೋವರದ ಪೂರ್ವ ದಡದಲ್ಲಿ ಮೂವತ್ತೇಳು ದೋಣಿಗಳಿವೆ. ಇಪ್ಪತ್ತನಾಲ್ಕು ದಡದ ಮೇಲೆ, ಹದಿಮೂರು ಹಲಗೆಕಟ್ಟೆಗೆ ಕಟ್ಟಿ ನೀರಿನಲ್ಲಿ. ಕೆಲವು ಊರವರವು, ಹೆಚ್ಚಿನವು ಬೇಸಿಗೆ ಬಿಡಾರದವರವು. ಅವರು ಶುಕ್ರವಾರ ಸಂಜೆ ಪೇಟೆಯಿಂದ ಬರುತ್ತಾರೆ, ಭಾನುವಾರ ಹೋಗುತ್ತಾರೆ, ನಡುವಿನ ಐದು ದಿನದ ಮಳೆ ತೈಮಿಯದು. ಮೇ ತಿಂಗಳಲ್ಲಿ ಮಂಜುಗಡ್ಡೆ ಒಡೆದ ದಿನದಿಂದ ಅಕ್ಟೋಬರ್ ಕೊನೆಗೆ ದೋಣಿಗಳನ್ನು ಕವುಚಿ ಹಾಕುವ ದಿನದವರೆಗೆ ಮಳೆ ಬಿದ್ದ ಬೆಳಗು ಒಂದನ್ನೂ ಅವರು ತಪ್ಪಿಸಿಲ್ಲ. ಕೂಲಿಯೆಂದು ಯಾರೂ ಕೊಟ್ಟಿಲ್ಲ, ಅವರೂ ಕೇಳಿಲ್ಲ. ಬಾಗಿಲ ಬಳಿ ಯಾರೋ ಒಂದು ಡಬ್ಬಿ ಕಾಫಿಪುಡಿ ಇಟ್ಟು ಹೋಗುತ್ತಾರೆ, ಯಾರೋ ಒಂದು ಹೊಗೆಮೀನು. ಬಹಳ ಮಂದಿಗೆ ತಮ್ಮ ದೋಣಿಯಲ್ಲಿ ನೀರು ನಿಂತಿತ್ತೆಂಬುದೇ ಗೊತ್ತಿರುವುದಿಲ್ಲ. ಬಂದಾಗ ದೋಣಿ ಒಣಗಿರುತ್ತದೆ, ಹತ್ತಿ ಕೂರುತ್ತಾರೆ. ಒಣಗಿದ ದೋಣಿಯನ್ನು ಕಂಡು ಮಳೆಯನ್ನು ನೆನೆಯುವವರು ಯಾರು?

ಒಂದು ಅಂಗುಲ ಮಳೆ ಬಿದ್ದರೆ ಹದಿನಾಲ್ಕಡಿಯ ದೋಣಿಯೊಳಗೆ ಆರು ಬಕೆಟ್ ನೀರು. ಎರಡು ಅಂಗುಲವಾದರೆ ಕಟ್ಟೆಗೆ ಕಟ್ಟಿದ ದೋಣಿ ಹಿಂಬದಿಯಿಂದ ತಗ್ಗುತ್ತದೆ. ಮೂರಾದರೆ ಅಲೆ ಒಳಗೆ ಬರಲು ದಾರಿ ಕೇಳುವುದಿಲ್ಲ. ದಡದ ದೋಣಿಗಳಿಗೆ ಮೂತಿಯ ಕೆಳಗೆ ಒಂದು ದಿಮ್ಮಿ ಕೊಟ್ಟು, ಬಿರಡೆ ಕಿತ್ತರೆ ನೀರು ತಾನೇ ಹೋಗುತ್ತದೆ. ನೀರಿನಲ್ಲಿರುವವಕ್ಕೆ ಬಿರಡೆ ಕೀಳುವಂತಿಲ್ಲ. ಅವನ್ನು ಕೈಯಿಂದಲೇ ಮೊಗೆಯಬೇಕು. ಮೊಗೆಯಲು ತೈಮಿಯ ಬಳಿ ಇರುವುದು ಬಟ್ಟೆ ಬಿಳುಪಿನ ದ್ರವ ಬರುವ ಪ್ಲಾಸ್ಟಿಕ್ ಡಬ್ಬ, ತಳ ಓರೆಯಾಗಿ ಕತ್ತರಿಸಿದ್ದು. ಒಂದು ದೋಣಿಗೆ ಇನ್ನೂರು ಮೊಗೆತ ಎಂದು ಲೆಕ್ಕ. ಬೆರಳ ಗಂಟುಗಳು ಬಾತಿವೆ. ಬಲಗೈಯ ಕಿರುಬೆರಳು ಪೂರ್ತಿ ಮಡಚುವುದಿಲ್ಲ.

"ಎಣಿಸೋದು ಯಾಕೆ ಅಂದ್ರೆ, ಎಣಿಸ್ತಾ ಇದ್ರೆ ಬೇರೆ ಏನೂ ಯೋಚ್ನೆ ಬರಲ್ಲ."

ದಡದ ಇಪ್ಪತ್ತನಾಲ್ಕು ದೋಣಿಗಳ ಬಿರಡೆಯನ್ನೂ ಒಟ್ಟಿಗೆ ಕಿತ್ತುಬಿಟ್ಟರೆ ಅರ್ಧ ತಾಸಿನಲ್ಲಿ ಕೆಲಸ ಮುಗಿಯುತ್ತದೆ. ಬಿಡಾರದ ಕ್ರೇಗ್ ಎಂಬವರು ಒಮ್ಮೆ ಹಾಗೆಂದು ಕಾಗದದ ಮೇಲೆ ಲೆಕ್ಕ ಹಾಕಿಯೇ ತೋರಿಸಿದ್ದರಂತೆ. ಬ್ಯಾಟರಿಯ ಪಂಪೊಂದನ್ನೂ ತಂದುಕೊಟ್ಟಿದ್ದರಂತೆ. ತೈಮಿ ಪಂಪನ್ನು ಚರ್ಚಿನ ನೆಲಮಾಳಿಗೆಗೆ ದಾನ ಕೊಟ್ಟರು. "ಒಂದು ಬಾಯಿಗೆ ಒಂದೇ ಬಿರಡೆ ಕ್ರೇಗಪ್ಪಾ. ಇಪ್ಪತ್ನಾಲ್ಕು ಕಚ್ಕೊಳ್ಳೋಕೆ ನಾನೇನು ಮೊಸಳೆನಾ?" ಎಂದು ಕೇಳಿದರಂತೆ.

ಬಿರಡೆ ಕಚ್ಚುವ ಈ ಪದ್ಧತಿ ತೈಮಿಯದಲ್ಲ, ಅವರ ಮಾವ ಇಸಾಕ್ಕಿ ಕಂಗಾಸರದು. ಇಸಾಕ್ಕಿ ಮರ ಕಡಿಯುವ ಕೆಲಸದಲ್ಲಿ ಎರಡು ಬೆರಳು ಕಳೆದುಕೊಂಡು, ಉಳಿದ ಎಂಟರಲ್ಲಿ ಬಲೆ ಹೆಣೆದು ಬದುಕಿದವರು. ಪ್ರತಿ ಕೆಲಸಕ್ಕೂ ಅವರ ಬಳಿ ಒಂದೊಂದು ಪದ ಇರುತ್ತಿತ್ತು. ಬಲೆ ಬಿಡುವಾಗ ಒಂದು, ಒಲೆ ಹೊತ್ತಿಸುವಾಗ ಒಂದು. ಮದುವೆಯಾಗಿ ಬಂದ ಇಪ್ಪತ್ತೆರಡರ ಸೊಸೆಗೆ ಮೊದಲ ಮಳೆಯ ಬೆಳಗ್ಗೆ ಅವರು ಕಲಿಸಿದ್ದು ಈ ಪದ:

ಬಿರಡೆಗೆ ಎರಡೇ ಮನೆ, ತೂಬು ಇಲ್ಲಾ ಬಾಯಿ;
ಮೂರನೆ ಮನೆ ತೋರಿಸಿದರೆ ಕಾಯೋರ್ಯಾರು ತಾಯಿ?

ಅಂಚಿನ ಮೇಲಿಟ್ಟ ಬಿರಡೆ ಉರುಳುತ್ತದೆ, ಕಲ್ಲಿನ ಮೇಲಿಟ್ಟದ್ದು ಮರೆತುಹೋಗುತ್ತದೆ. ಬಾಯಲ್ಲಿದ್ದರೆ ಮರೆಯುವ ಮಾತೇ ಇಲ್ಲ, ಏಕೆಂದರೆ ಅದು ಅಲ್ಲಿರುವ ತನಕ ಮಾತೇ ಇಲ್ಲ. ಕಾಫಿ ಕುಡಿಯುವಾಗಲೂ ಸಕ್ಕರೆ ಅಚ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅದರ ಮೂಲಕವೇ ಹೀರುವ ಹಳಬರಿಗೆ ಇದು ಕಷ್ಟವೇನೂ ಆಗಿರಲಿಲ್ಲ. "ನಮ್ಮ ಜನಕ್ಕೆ ಬಾಯಲ್ಲಿ ಏನಾದ್ರೂ ಇದ್ರೇನೇ ಸಮಾಧಾನ. ಇಲ್ದಿದ್ರೆ ಎಲ್ಲಿ ಮಾತಾಡ್ಬೇಕಾಗುತ್ತೋ ಅಂತ ಹೆದರಿಕೆ" ಎಂದು ತೈಮಿ ನಗುತ್ತಾರೆ. ನಗು ಕಣ್ಣಿನವರೆಗೆ ಹೋಗದೆ ಕೆನ್ನೆಯಲ್ಲೇ ನಿಲ್ಲುತ್ತದೆ.

ಅವರನ್ನು ಊರವರು 'ಜೇಬಿಲ್ಲದ ತೈಮಿ' ಎಂದು ಚುಡಾಯಿಸುವುದುಂಟು. ಅವರ ಕೋಟು, ಅಂಗಿ, ಏಪ್ರನ್ನು, ಯಾವುದಕ್ಕೂ ಜೇಬಿಲ್ಲ. ಇದ್ದವುಗಳ ಬಾಯಿ ಹೊಲಿದುಬಿಟ್ಟಿದ್ದಾರೆ, ಹೊಲಿಗೆ ಹೊರಗೇ ಕಾಣುತ್ತದೆ. ಮನೆಯ ಬೀಗದ ಕೈ ಕೊರಳಲ್ಲಿ ದಾರಕ್ಕೆ, ಕರವಸ್ತ್ರ ತೋಳಿನಲ್ಲಿ. ಜಿಪುಣತನ ಎಂದು ಕೆಲವರು, ವಯಸ್ಸಾಯಿತು ಎಂದು ಕೆಲವರು. ಇನ್ನೊಂದು ವಿಚಿತ್ರವನ್ನು ಗಮನಿಸಿದವರು ಕಡಿಮೆ. ಭಾನುವಾರದ ಆರಾಧನೆಯಲ್ಲಿ ಕೀರ್ತನೆಗಳನ್ನೆಲ್ಲ ತಪ್ಪದೆ ಹಾಡುವ ತೈಮಿ, ಸಭೆಯೆಲ್ಲ ಒಟ್ಟಾಗಿ ತಪ್ಪೊಪ್ಪಿಕೊಳ್ಳುವ ಸಾಲು ಬಂದಾಗ ಮಾತ್ರ ತುಟಿ ಆಡಿಸುವುದಿಲ್ಲ. ಏಕೆಂದು ಪಾದ್ರಿ ಒಮ್ಮೆ ಮೆಲ್ಲಗೆ ಕೇಳಿದ್ದರಂತೆ. "ಎಲ್ರ ಜೊತೆ ಸೇರ್ಸಿ ಹೇಳ್ಬಿಟ್ರೆ, ಅದ್ರಲ್ಲಿ ನಂದು ಯಾವ್ದು ಅಂತ ದೇವ್ರಿಗೆ ಹೇಗೆ ಗೊತ್ತಾಗ್ಬೇಕು ಸ್ವಾಮಿ?" ಎಂದರಂತೆ. ಪಾದ್ರಿ ಅದನ್ನು ಒಳ್ಳೆಯ ಹಾಸ್ಯವೆಂದು ಎಲ್ಲರಿಗೂ ಹೇಳಿದರು.

ಸಾಲಿನ ಮೊದಲ ದೋಣಿ, ಹಿತ್ತಾಳೆ ಬಿರಡೆಯದು, ಅವರ ಗಂಡ ರೇನೊ ಅವರದು. ಉಳಿದವಕ್ಕೆಲ್ಲ ಈಗಿನ ಕಾಲದ ರಬ್ಬರು ಬಿರಡೆ. ರೇನೊ ದೋಣಿಯಲ್ಲಿ ಹತ್ತೊಂಬತ್ತು ವರ್ಷದಿಂದ ಯಾರೂ ಕೂತಿಲ್ಲ. ಆದರೂ ಮಳೆ ಬಂದ ಬೆಳಗು ಮೊದಲು ಬರಿದಾಗುವುದು ಅದೇ.

ಹತ್ತೊಂಬತ್ತು ವರ್ಷದ ಹಿಂದೆ, ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ, ರೇನೊ ತಲ್ಲಿಬೀ ಮೀನಿನ ಬಲೆ ಎತ್ತಲು ಹೋದರು. ದೋಣಿಯ ತೂಬಿಗೆ ಬಿರಡೆ ಇರಲಿಲ್ಲ. ಮೋಟಾರು ಓಡುತ್ತಿರುವಾಗ ತೆರೆದ ತೂಬು ನೀರನ್ನು ಹೊರಕ್ಕೇ ಎಳೆಯುತ್ತದೆ, ತಿಳಿಯುವುದಿಲ್ಲ. ನಿಲ್ಲಿಸಿ ಬಲೆಗೆ ಬಾಗಿದ ಮೇಲೆ ಕೆರೆ ಒಳಗೆ ಬರುತ್ತದೆ. ಮೊಣಕಾಲವರೆಗಿನ ರಬ್ಬರು ಬೂಟು, ಮೀನು ತುಂಬಿದ ಬಲೆ, ಕೈ ಮರಗಟ್ಟಿಸುವ ನೀರು. ಸಂಜೆ ಊರವರು ದೋಣಿಯನ್ನು ಎಳೆದು ತಂದರು. ರೇನೊ ಅದರ ಅಂಚು ಹಿಡಿದುಕೊಂಡೇ ಇದ್ದರು.

ಬಿರಡೆ ಹಾಕುವುದನ್ನು ಮರೆತ, ಪಾಪ, ಎಂದಿತು ಊರು. ರೇನೊನ ಜೀವದ ಗೆಳೆಯ ವೆರ್ನರ್ ಸಿಪೊಲ ಮೂರು ತಿಂಗಳು ಕೆರೆಯ ಕಡೆ ಬರಲಿಲ್ಲ. ಬಂದ ದಿನ, ಮಂಜುಗಡ್ಡೆಯ ಮೇಲೆ ಮೀನು ಹಿಡಿಯುತ್ತ ಕೂತವರ ನಡುವೆ, ಯಾರೋ ಫ್ಲಾಸ್ಕಿನ ಮುಚ್ಚಳ ಹಾಕಲು ಮರೆತು ಕಾಫಿ ಚೆಲ್ಲಿದಾಗ, "ರೇನೊ ಮಾಡ್ಬೇಡ ಕಣೋ" ಎಂದರು. ಎಲ್ಲರೂ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ಆ ಮಾತು ಊರಲ್ಲಿ ಉಳಿದುಬಿಟ್ಟಿತು. ಈಗ ಆ ದಡದಲ್ಲಿ ಒಲೆ ಆರಿಸಲು ಮರೆತವರು, ಕಾರಿನ ದೀಪ ಮರೆತವರು, ಕನ್ನಡಕ ಮರೆತವರು ಎಲ್ಲರೂ ರೇನೊ ಮಾಡಿದವರೇ. ರೇನೊನನ್ನು ಕಂಡಿರದ ಮಕ್ಕಳೂ ಹಾಗೆನ್ನುತ್ತಾರೆ. ಮಗಳು ಸಿರ್ಕಾಗೆ ಆಗ ಇಪ್ಪತ್ತನಾಲ್ಕು. ನಲವತ್ತು ಮೈಲಿ ಆಚೆಯ ಪೇಟೆಯಲ್ಲಿ ನರ್ಸ್ ಆಗಿರುವ ಆಕೆ ಅಪ್ಪನ ಸಮಾಧಿಗೆ ಹೂವಿಡಲು ಇವತ್ತಿಗೂ ಹೋಗುವುದಿಲ್ಲ. "ಒಂದು ಬಿರಡೆ ನೆನಪಿಟ್ಕೊಳ್ಳೋಕೆ ಆಗ್ಲಿಲ್ಲ ಆ ಮನುಷ್ಯನಿಗೆ" ಎನ್ನುತ್ತಾಳಂತೆ. ಕೋಪ ಅಷ್ಟು ವರ್ಷ ಆರದೆ ಉಳಿದಿದ್ದರೆ ಅದರ ಅಡಿಯಲ್ಲಿರುವುದು ಪ್ರೀತಿಯೇ ಎಂದು ಬೇರೆಯವರು ಹೇಳಬಹುದು. ಸಿರ್ಕಾಗೆ ಹೇಳುವವರು ಯಾರು?

ಆ ಚಳಿಗಾಲದ ಮಂಜುಗಡ್ಡೆ ಒಡೆದ ಮೇಲೆ, ಮೊದಲ ಮಳೆಯ ಬೆಳಗ್ಗೆ ತೈಮಿ ಪಕ್ಕದವರ ದೋಣಿಯ ನೀರು ತೆಗೆದರು. ಮರುವಾರ ಅದರ ಪಕ್ಕದ್ದು. ಬೇಸಿಗೆ ಮುಗಿಯುವ ಹೊತ್ತಿಗೆ ಇಡೀ ದಡ ಅವರದಾಗಿತ್ತು. ಮರೆಗುಳಿ ಗಂಡನನ್ನು ಕಳೆದುಕೊಂಡವಳು, ಇನ್ನೊಬ್ಬರು ಮರೆಯದಿರಲಿ ಎಂದು ಮಾಡುತ್ತಾಳೆ ಎಂದು ಜನ ಅಂದುಕೊಂಡರು. ತೈಮಿ ಬೇಡವೆನ್ನಲಿಲ್ಲ. ಬಾಯಲ್ಲಿ ಬಿರಡೆ ಇತ್ತು.

ಈ ಶನಿವಾರ ಎಂಟರ ಹೊತ್ತಿಗೆ ಅವರು ಹದಿನಾರನೆಯ ದೋಣಿಯ ಬಳಿ ಇದ್ದಾರೆ. ಬಿರಡೆ ಆಗತಾನೇ ಕಿತ್ತು ಕಚ್ಚಿಕೊಂಡಿದ್ದಾರೆ. ತೂಬಿಗೆ ಎಲೆ ಅಡ್ಡ ಬಂದು, ಸಣ್ಣ ಕಡ್ಡಿಯಿಂದ ಚುಚ್ಚುತ್ತಿದ್ದಾರೆ. ವೆರ್ನರ್ ಸಿಪೊಲರ ಪಿಕಪ್ ಗಾಡಿ ಬಂದು ನಿಲ್ಲುತ್ತದೆ. ವೆರ್ನರ್‌ಗೆ ಎಪ್ಪತ್ತಮೂರು. ಗಣಿಯ ಲಾರಿ ಓಡಿಸಿ ನಿವೃತ್ತರಾದವರು, ಈಗ ಮರ ಕೆತ್ತುತ್ತಾರೆ. ಗಾಡಿಯ ಹಿಂದಿನಿಂದ ಕಂಬಳಿ ಸುತ್ತಿದ ಹಲಗೆಯೊಂದನ್ನು ಮಗುವನ್ನೆತ್ತುವಂತೆ ಎತ್ತಿ ತರುತ್ತಾರೆ.

"ಏನಮ್ಮಾ ಜೇಬಿಲ್ದೋಳೇ, ಬಾಯಿ ಬಂದ್ ಆಗಿದ್ಯಾ? ಒಳ್ಳೇದೇ ಆಯ್ತು. ಇವತ್ತು ನಾನು ಮಾತಾಡ್ತೀನಿ, ನೀನು ಕೇಳು. ನಲವತ್ತೊಂಬತ್ತು ವರ್ಷದಲ್ಲಿ ಒಂದ್ಸಲನಾದ್ರೂ ನಂಗೆ ಸರದಿ ಸಿಗ್ಬೇಕಲ್ಲ."

ಕಂಬಳಿ ಬಿಚ್ಚುತ್ತಾರೆ. ಎರಡು ತಿಂಗಳಿಂದ ಕೆತ್ತಿದ ಪೈನ್ ಹಲಗೆ. ನಾಳೆ ಆರಾಧನೆ ಮುಗಿದ ಮೇಲೆ, ಕಾಫಿಯ ಹೊತ್ತಿಗೆ, ದೋಣಿ ಇಳಿಸುವ ಜಾಗದಲ್ಲಿ ಇದನ್ನು ನೆಡುವುದೆಂದು ಊರ ಸಮಿತಿ ತೀರ್ಮಾನ ಮಾಡಿದೆ. ಕೆಳಗೆ ಒಂದು ಪುಟ್ಟ ದೋಣಿ, ದೋಣಿಯಲ್ಲಿ ಟೋಪಿ ಹಾಕಿದ ಒಬ್ಬ ಮನುಷ್ಯ. ಮೇಲೆ ದಪ್ಪ ಅಕ್ಷರದಲ್ಲಿ: ಬಿರಡೆ ಹಾಕಿದಿರಾ? ಮರೆತ ರೇನೊನನ್ನು ಮರೆಯಬೇಡಿ.

"ಟೋಪಿ ನೋಡ್ದಾ? ಆ ಕಿವಿ ಮುಚ್ಚೋ ಟೋಪಿ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳ್ಗೆ, ಹಂಗೇ ಹಾಕ್ತಿದ್ನಲ್ಲ ಅವನು. ಮೂಗು ಸರಿ ಬರ್ಲಿಲ್ಲ. ಮೂಗು ಬಿಡು, ಅವನ ಮೂಗು ದೇವ್ರಿಗೇ ಸರಿ ಬಂದಿರ್ಲಿಲ್ಲ." ಅವರು ತಮ್ಮ ಮಾತಿಗೆ ತಾವೇ ನಗುತ್ತಾರೆ. "ನೂರು ವರ್ಷ ಇರುತ್ತೆ ತೈಮಿ. ಮೂರು ಸಲ ಎಣ್ಣೆ ಕುಡಿಸಿದೀನಿ. ನಾನೂ ಇರಲ್ಲ, ನೀನೂ ಇರಲ್ಲ, ಅವನ ಹೆಸ್ರು ಇರುತ್ತೆ."

ತೈಮಿ ಹಲಗೆಯನ್ನು ನೋಡುತ್ತಾರೆ. ಕಡ್ಡಿ ಕೈಯಿಂದ ಜಾರುತ್ತದೆ. ದವಡೆಯ ಎಲುಬು ಬಿಗಿಯುವುದು ಕಾಣುತ್ತದೆ. ಕೈ ಒಮ್ಮೆ ಬಾಯಿಯ ತನಕ ಏರುತ್ತದೆ, ಬಿರಡೆಯನ್ನು ಮುಟ್ಟುತ್ತದೆ, ಅಲ್ಲೇ ನಿಲ್ಲುತ್ತದೆ, ಕೆಳಗಿಳಿಯುತ್ತದೆ. ಮತ್ತೆ ಏರುತ್ತದೆ. ಮತ್ತೆ ಇಳಿಯುತ್ತದೆ. ನೀರು ಬೀಳುತ್ತಲೇ ಇದೆ. ದೋಣಿಯಲ್ಲಿ ಇನ್ನೂ ಅರ್ಧ ಉಳಿದಿದೆ.

"ಅಳ್ಬೇಡ್ವೇ" ಎನ್ನುತ್ತಾರೆ ವೆರ್ನರ್. "ಅಳಿಸ್ಬೇಕು ಅಂತ ತಂದಿದ್ದಲ್ಲ. ನಾಳೆ ಎಲ್ರ ಎದ್ರಿಗೆ ನೋಡಿ ನಿನಗೆ ಕಷ್ಟ ಆಗ್ಬಾರ್ದು ಅಂತ ಇವತ್ತೇ ತಂದೆ."

ಹತ್ತು ನಿಮಿಷ ಅವರು ಮಾತಾಡುತ್ತಾರೆ, ತೈಮಿ ಕಾಯುತ್ತಾರೆ. ರೇನೊ ಒಮ್ಮೆ ಚರ್ಚಿನ ಬುಟ್ಟಿಗೆ ಕಾಣಿಕೆ ಹಾಕಲು ಹೋಗಿ ಮೀನಿನ ಗಾಳ ಹಾಕಿದ ಕಥೆ. ಸೌನಾ ಎಂಬ ಹಬೆಮನೆಯ ಬಿಸಿಯಿಂದ ಎದ್ದೋಡಿ ಮಂಜುಗಡ್ಡೆ ಕೊರೆದ ಕಿಂಡಿಯೆಂದು ಪಾದ್ರಿಯ ಬಕೆಟ್ಟಿಗೆ ಕಾಲಿಟ್ಟ ಕಥೆ. ಎಲ್ಲ ಕಥೆಯಲ್ಲೂ ರೇನೊ ಮರೆಯುತ್ತಾರೆ, ಎಡವುತ್ತಾರೆ, ಕೊನೆಗೆ ಎಲ್ಲರೂ ನಗುತ್ತಾರೆ. ಧಾರೆ ಸಣ್ಣದಾಗುತ್ತದೆ, ತೊಟ್ಟಾಗುತ್ತದೆ, ನಿಲ್ಲುತ್ತದೆ. ತೈಮಿ ಸ್ಪಂಜಿನಿಂದ ತಳ ಒರೆಸುತ್ತಾರೆ. ಬಿರಡೆಯನ್ನು ಬಾಯಿಂದ ತೆಗೆದು ತೂಬಿಗೆ ತಳ್ಳಿ, ಅದರ ಪುಟ್ಟ ಹಿಡಿಕೆಯನ್ನು ಮಡಚಿ ಬಿಗಿಮಾಡುತ್ತಾರೆ. ಮೂರು ಸಲ ತಟ್ಟುತ್ತಾರೆ. ಆಮೇಲೆ ಎದ್ದು ನಿಲ್ಲುತ್ತಾರೆ.

"ಅವನು ಮರೀಲಿಲ್ಲ ವೆರ್ನರ್."

"ಏನು?"

"ರೇನೊ ಮರೀಲಿಲ್ಲ. ಬಿರಡೆ ನನ್ನ ಹತ್ರ ಇತ್ತು. ಏಪ್ರನ್ ಜೇಬಲ್ಲಿ."

ತೈಮಿ ಹಲಗೆಯತ್ತ ನೋಡದೆ, ನೀರಿನತ್ತಲೂ ನೋಡದೆ, ಎರಡರ ನಡುವಿನ ಮರಳು ನೋಡುತ್ತ ಹೇಳುತ್ತಾರೆ. ಅಷ್ಟು ವರ್ಷ ಒಳಗಿದ್ದ ಮಾತು ಹೊರಗೆ ಬರುವಾಗ ಅಷ್ಟೇನೂ ಉದ್ದವಿಲ್ಲ.

"ಆವತ್ತೂ ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಬಿರಡೆ ಕಿತ್ತು ಕಚ್ಕೊಂಡಿದ್ದೆ. ಅವನು ಮೆಟ್ಲ ಮೇಲೆ ಲೋಟ ಹಿಡ್ಕೊಂಡು ನಿಂತು, 'ಇದೇನೇ ತೈಮಿ, ಕಾಫಿನಾ, ಕೆರೆ ನೀರಾ?' ಅಂದ. ತಮಾಷೆಗೇ ಅಂದಿದ್ದು. ದಿನಾ ಅಂತಿದ್ದ. ಆವತ್ತು ನಂಗೆ ಯಾಕೋ ರೇಗಿಹೋಯ್ತು. ಉತ್ತರ ಕೊಡ್ಬೇಕಲ್ಲ, ಬಾಯಲ್ಲಿ ಬಿರಡೆ. ತೆಗ್ದೆ. ತೆಗ್ದು ಜೇಬಿಗೆ ಹಾಕ್ಕೊಂಡೆ. 'ಕೆರೆ ನೀರೇ ಬೇಕಾದ್ರೆ ಕೆರೆಗೇ ಹೋಗಿ ಕುಡಿ' ಅಂದೆ."

ಕೆರೆಯ ಮೇಲೆ ಎಲ್ಲೋ ಲೂನ್ ಹಕ್ಕಿ ಕೂಗಿ ಸುಮ್ಮನಾಗುತ್ತದೆ.

"ಅಂದು, ಒಳಗೆ ಹೋಗಿ ಸಿಟ್ಟಲ್ಲಿ ಇನ್ನೊಂದು ಪಾತ್ರೆ ಕಾಫಿ ಇಟ್ಟೆ. ಗಟ್ಟಿಯಾಗಿ. ಅವನು ಆ ನೀರು ಕಾಫಿನೇ ಪೂರ್ತಿ ಕುಡ್ದು, ಲೋಟ ತೊಳ್ದು ಕವುಚಿಟ್ಟು ಹೋದ. ಮೋಟಾರ್ ಶಬ್ದ ಕೇಳಿಸ್ತು. ಹೋದ್ರೆ ಹೋಗ್ಲಿ ಅಂದ್ಕೊಂಡೆ. ಸಂಜೆ ನೀವೆಲ್ಲ ಹಗ್ಗ ಹಾಕಿ ಎಳೀತಿದ್ರಲ್ಲ, ಆಗ ಕಣ್ಣೊರೆಸಿಕೊಳ್ಳೋಕೆ ಕರವಸ್ತ್ರಕ್ಕೆ ಜೇಬಿಗೆ ಕೈ ಹಾಕ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಡೆದ ಮುತ್ತನ್ನು ಹತ್ತೊಂಬತ್ತು ವರ್ಷ ಬಾಯಲ್ಲಿಟ್ಟುಕೊಂಡವರನ್ನು ಕುರಿತು ಗಾದೆ ಏನೂ ಹೇಳುವುದಿಲ್ಲ.

ವೆರ್ನರ್ ಹಲಗೆಯನ್ನು ದೋಣಿಗೆ ಒರಗಿಸಿಟ್ಟು, ಬಕೆಟ್ ಕವುಚಿ ಅದರ ಮೇಲೆ ಕೂರುತ್ತಾರೆ. "ಆದ್ರೂ ತೈಮಿ, ದೋಣಿ ಇಳಿಸೋನು ನೋಡ್ಕೋಬೇಕಲ್ವಾ. ಅದು ರೂಢಿ" ಎನ್ನುತ್ತಾರೆ. ಸಂತೈಸಲು ಹೇಳಿದ ಮಾತು. ತೈಮಿಗೆ ಅದು ಬೇಕಿಲ್ಲ.

"ಅವನು ಯಾಕೆ ನೋಡ್ತಾನೋ? ಮೂವತ್ತು ವರ್ಷ ಆ ದೋಣಿ ನೀರು ತೆಗ್ದೋಳು ನಾನು. ಒಂದು ದಿನ ತಪ್ಪಿರ್ಲಿಲ್ಲ. ಚರ್ಚಲ್ಲಿ ಗಾಳ ಹಾಕಿದ್ದು ಹೌದು, ಬಕೆಟ್ಟಿಗೆ ಕಾಲಿಟ್ಟಿದ್ದು ಹೌದು. ಅವನು ಎಲ್ಲಾ ಮರೀತಿದ್ದ. ಆದ್ರೆ ಇದೊಂದನ್ನ ಮರೀಲಿಲ್ಲ ಕಣೋ. ನನ್ನ ನಂಬಿದ್ದ. ಮರೆಯೋದೇ ಬೇರೆ, ನಂಬೋದೇ ಬೇರೆ. ನೀವೆಲ್ಲ ಅವನ ನಂಬಿಕೇನ ಮರೆವು ಅಂತ ಕರೀತಿದೀರಿ. ಕರೀಲಿ ಅಂತ ನಾನೂ ಬಿಟ್ಟೆ."

"ರೇನೊ ಮಾಡ್ಬೇಡ ಅಂತ ಮೊದ್ಲು ಅಂದೋನು ನಾನು" ಎನ್ನುತ್ತಾರೆ ವೆರ್ನರ್. ಅವರ ಕೈ ಟೋಪಿಯನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದೆ. "ಅವನ ಹೆಸ್ರು ಬಾಯಲ್ಲಿರ್ಲಿ ಅಂತ."

"ಗೊತ್ತು."

"ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ಹೇಳ್ಬೇಕು ಅಂತ ಪ್ರತಿ ಭಾನುವಾರ ಚರ್ಚಿಗೆ ಹೋಗ್ತಿದ್ದೆ. ಜನ ಆಡಿದ್ ಮಾತು ತಾನೇ, ಗಾಳಿಗೆ ಹೋಗುತ್ತೆ ಅಂತ ವಾಪಸ್ ಬರ್ತಿದ್ದೆ. ಇದು ಕೆತ್ತಿರೋದು. ಇದು ಹೋಗಲ್ಲ. ಮೂರು ಸಲ ಎಣ್ಣೆ ಬೇರೆ ಕುಡಿಸಿದೀಯಾ." ದನಿಯಲ್ಲಿ ಒಂದು ಕ್ಷಣ ಹಳೆಯ ಕುಚೋದ್ಯ ಇಣುಕಿ ಮಾಯವಾಗುತ್ತದೆ.

ಆ ಬಿರಡೆ ಎಲ್ಲಿ ಹೋಯಿತು ಎಂದು ವೆರ್ನರ್ ಕೇಳುತ್ತಾರೆ. ತೈಮಿ ಸಾಲಿನ ಮೊದಲ ದೋಣಿಯತ್ತ ಗದ್ದ ಎತ್ತಿ ತೋರಿಸುತ್ತಾರೆ. "ಅಲ್ಲೇ ಇದೆ. ಹೊಸದು ಹಾಕಿದಾಳೆ ಅಂತ ನೀವೆಲ್ಲ ಅಂದ್ಕೊಂಡ್ರಿ. ಅದೇ ಅದು. ಮಳೆ ಬಂದ ಪ್ರತಿ ಬೆಳಿಗ್ಗೆ ಮೊದ್ಲು ಅದನ್ನೇ ಕಚ್ಕೊಳ್ಳೋದು. ಹಲ್ಲಿನ ಗುರುತು ಬಿದ್ದಿದೆ, ಹೋಗಿ ನೋಡು ಬೇಕಾದ್ರೆ."

ಪತ್ರಿಕೆಗೆ ಇದನ್ನು ಬರೆಯಬೇಡಿ ಎಂದು ಅವರು ಹೇಳಬಹುದಿತ್ತು. ಹೇಳುವುದಿಲ್ಲ. "ಬರ್ಕೊಳ್ಳಿ" ಎನ್ನುತ್ತಾರೆ. "ಮೂವತ್ತೇಳು ದೋಣಿ ಅಂತ ಬರ್ಕೊಂಡ್ರಲ್ಲ, ಅದರ ಪಕ್ಕದಲ್ಲೇ ಇದನ್ನೂ ಬರ್ಕೊಳ್ಳಿ. ಸಿರ್ಕಾ ಮಧ್ಯಾಹ್ನ ಊಟಕ್ಕೆ ಬರ್ತಾಳೆ. ಮೀನಿನ ಸಾರು ಮಾಡ್ಬೇಕು. ಅವಳಿಗೆ ಮಾತ್ರ ನಾನೇ ಹೇಳ್ತೀನಿ. ಓದಿ ತಿಳ್ಕೋಬಾರ್ದು ಅವಳು."

ಸಿರ್ಕಾ ಏನು ಹೇಳಬಹುದು ಎಂದು ಕೇಳಿದ್ದಕ್ಕೆ ತೈಮಿಯ ಉತ್ತರ:

"ಬಾಗ್ಲು ಬಡ್ದು ಹೋಗ್ಬಹುದು. ಮತ್ತೆ ಬರ್ದೇನೂ ಇರ್ಬಹುದು. ಆದ್ರೆ ಇವತ್ತಲ್ಲ ನಾಳೆ ಅಪ್ಪನ ಹತ್ರ ಹೋಗ್ತಾಳಲ್ಲ, ಹೂವು ತಗೊಂಡು. ಅಷ್ಟು ಸಾಕು. ಇಬ್ರಲ್ಲಿ ಒಬ್ರ ಮೇಲೆ ಕೋಪ ಇರ್ಲೇಬೇಕು ಅಂದ್ರೆ, ಅದು ಬದುಕಿರೋರ ಮೇಲಿರ್ಲಿ."

ವೆರ್ನರ್ ಎದ್ದು ಗಾಡಿಗೆ ಹೋಗಿ ಉಳಿ, ಕೊಡತಿ ತರುತ್ತಾರೆ. ಬಕೆಟ್ಟಿನ ಮೇಲೆ ಮತ್ತೆ ಕೂತು ಹಲಗೆಯನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತಾರೆ. ಮೊದಲು 'ಮರೆತ' ಹೋಗುತ್ತದೆ. ಎರಡು ತಿಂಗಳ ಕೆಲಸ, ಸುರುಳಿ ಸುರುಳಿಯಾಗಿ ಮರಳಿಗೆ ಬೀಳುತ್ತದೆ. 'ರೇನೊ' ಬಳಿ ಬಂದು ಉಳಿ ನಿಲ್ಲುತ್ತದೆ. ಹೊಸ ಪೈನ್ ಮರದ ವಾಸನೆ ಒದ್ದೆ ಗಾಳಿಯಲ್ಲಿ ಹರಡಿದೆ.

"ಹೆಸ್ರು ತೆಗೀಲಾ, ಬಿಡ್ಲಾ?"

ತೈಮಿ ಆಗಲೇ ಹದಿನೇಳನೆಯ ದೋಣಿಯ ಹಿಂದೆ ಮೊಣಕಾಲೂರಿದ್ದಾರೆ, ಬಾಯಲ್ಲಿ ಬಿರಡೆ. ವೆರ್ನರ್ ಕಾಯುತ್ತಾರೆ. ಈ ಸಲ ಕಥೆ ಹೇಳುವುದಿಲ್ಲ.

ನೀರು ನಿಂತ ಮೇಲೆ, ಬಿರಡೆ ಬಿಗಿದ ಮೇಲೆ, ಮೂರು ಸಲ ತಟ್ಟಿದ ಮೇಲೆ ತೈಮಿ ಬೆನ್ನು ನೆಟ್ಟಗೆ ಮಾಡುತ್ತಾರೆ. "ತೆಗಿ. ನಂದೂ ಹಾಕ್ಬೇಡ. ಟೋಪಿಯವನು ಇರ್ಲಿ ಸುಮ್ನೆ, ಮೀನು ಹಿಡೀತಾ. ಮೂಗೂ ಹಂಗೇ ಇರ್ಲಿ."

"ಮತ್ತೆ ಮೇಲೆ ಏನ್ ಕೆತ್ಲಿ? ಖಾಲಿ ಬಿಡೋಕಾಗಲ್ವಲ್ಲ."

ತೈಮಿ ಕೈ ಒರೆಸಿಕೊಳ್ಳುತ್ತಾರೆ. ಹಿಂದೆ ತಿರುಗಿ, ಆಗಲೇ ಮುಗಿದ ಹದಿನೇಳು ದೋಣಿಗಳ ಸಾಲನ್ನು ತುದಿಯಿಂದ ತುದಿಯವರೆಗೆ ನೋಡುತ್ತಾರೆ. ಅವುಗಳ ಹೊಟ್ಟೆಗಳ ಮೇಲೆ ಬಿಸಿಲು ಈಗಷ್ಟೇ ಬಿದ್ದಿದೆ.

"ಹದಿನೇಳೂ ಒಣಗಿದಾವೆ. ಹದಿನೇಳಕ್ಕೂ ಬಿರಡೆ ಹಾಕಿದೀನಿ, ಹತ್ತೊಂಬತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ" ಎನ್ನುತ್ತಾರೆ. ಅದು ಹೆಮ್ಮೆಯೇ, ಅವರ ಬಳಿ ಇರುವುದು ಅಷ್ಟೇ ಹೆಮ್ಮೆ. ಆಮೇಲೆ ಮುಂದಿನ ದೋಣಿಯತ್ತ ನಡೆಯುತ್ತ, ತಿರುಗದೆ ಹೇಳುತ್ತಾರೆ: "ಆದ್ರೂ ನನ್ನ ನಂಬಬೇಡ. ಕೈಯಿಟ್ಟು ನೋಡು. ಅದನ್ನೇ ಕೆತ್ತು."

ವೆರ್ನರ್ ಉಳಿಯನ್ನು ಕೆಳಗಿಟ್ಟು, ಮೊದಲ ದೋಣಿಯ ಬಳಿ ಹೋಗಿ ಬಾಗಿ, ಹಿತ್ತಾಳೆಯ ಮೇಲೆ ಕೈಯಿಡುತ್ತಾರೆ.